ಹಳೆಯ ಕ್ರೀಡಾಂಗಣದ ಪುನರಭಿವೃದ್ಧಿ: ಅಭಿಪ್ರಾಯ ಕೇಳಿದ್ದಾರೆ, ಏನು ಬರೆಯಬೇಕು?

ಪ್ರಶ್ನೆ
ಬರೆದವರು: ಪೂರ್ವದ ಗೇಟು

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಗೆ ಹೊಂದಿಕೊಂಡಂತೆ ನಗರಾಡಳಿತಕ್ಕೆ ಸೇರಿದ ಒಂದು ಹಳೆಯ ಕ್ರೀಡಾಂಗಣವಿದೆ. ಮಣ್ಣಿನ ಓಟದ ಪಥ, ಅದರ ನಡುವೆ ಫುಟ್‌ಬಾಲ್ ಮೈದಾನ, ಎರಡು ಟೆನಿಸ್ ಅಂಕಣ, ಸೋರಿಕೆಯ ಕಾರಣಕ್ಕೆ ಮುಚ್ಚಿಹೋಗಿರುವ 25 ಮೀಟರಿನ ಈಜುಕೊಳ, ಪಶ್ಚಿಮಕ್ಕೆ ಬಿರುಕು ಬಿಟ್ಟ ಮೆಟ್ಟಿಲುಗಳ ಗ್ಯಾಲರಿ, ಸುತ್ತಲೂ ಮರಗಳ ಸಾಲಿನಡಿ ನಡೆಯುವ ದಾರಿ, ಇಷ್ಟೂ ಅಲ್ಲಿವೆ. ಈಗ ಇದನ್ನು ಪೂರ್ತಿಯಾಗಿ ಪುನರಭಿವೃದ್ಧಿ ಮಾಡುವ ಕರಡು ಯೋಜನೆ ಹೊರಬಿದ್ದಿದೆ. 50 ಮೀಟರಿನ ಹೊಸ ಈಜುಕೊಳ, ಕೃತಕ ಹುಲ್ಲುಹಾಸು, ಒಳಾಂಗಣ ಕ್ರೀಡಾಭವನ ಮತ್ತು ನೂರು ಕಾರುಗಳ ನಿಲುಗಡೆ ಅದರ ಮುಖ್ಯ ಅಂಶಗಳು. ಸಾರ್ವಜನಿಕರು ಸಲಹೆ ಮತ್ತು ಆಕ್ಷೇಪಣೆಗಳನ್ನು 30 ದಿನಗಳೊಳಗೆ ಸಲ್ಲಿಸಬೇಕೆಂದು ಪ್ರಕಟಣೆಯಲ್ಲಿ ತಿಳಿಸಿದ್ದಾರೆ.

ಪ್ರಕಟಣೆಯ ಜೊತೆಗೆ ಕೊಟ್ಟಿರುವ ನಮೂನೆಯಲ್ಲಿ 14 ಪ್ರಶ್ನೆಗಳಿವೆ. ಎಲ್ಲವೂ ‘ಇದು ಬೇಕೇ, ಅದು ಬೇಕೇ’ ಎಂದು ಗುರುತು ಹಾಕುವ ಬಗೆಯವು. ಗ್ಯಾಲರಿಯ ಆಸನಗಳಿಗೆ ಯಾವ ಬಣ್ಣವಿರಬೇಕೆಂದೂ ಒಂದು ಪ್ರಶ್ನೆಯಿದೆ. ಈಗ ಇರುವುದರಲ್ಲಿ ಯಾವುದನ್ನು ಉಳಿಸಬೇಕೆಂದು ಮಾತ್ರ ಎಲ್ಲಿಯೂ ಕೇಳಿಲ್ಲ. ಕೊನೆಯಲ್ಲಿ ‘ಇತರೆ’ ಎಂದು ಎರಡು ಸಾಲು ಜಾಗ ಬಿಟ್ಟಿದ್ದಾರೆ.

ನಿವಾಸಿಗಳ ಸಂಘದವರು ಉತ್ತರ ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ. ಮೊದಲ ಸಭೆಯಲ್ಲಿ ನಡಿಗೆಗೆ ಬರುವವರು ಚೆಂಡಾಟದ ಹುಡುಗರನ್ನು ದೂರಿದರು, ಟೆನಿಸ್ ಆಡುವವರು, ಚಿಕ್ಕ ಅಂಕಣದಲ್ಲಿ ಗಟ್ಟಿ ಬ್ಯಾಟಿನಿಂದ ಆಡುವ ಪಿಕಲ್‌ಬಾಲ್‌ನವರನ್ನು ದೂರಿದರು, ಕಾರಿದ್ದವರು ಎಲ್ಲರನ್ನೂ ದೂರಿದರು. ಒಂದೇ ಒಕ್ಕಣೆಯ ಪತ್ರಕ್ಕೆ ಮುನ್ನೂರು ಸಹಿ ಹಾಕಿಸಿ ಕಳುಹಿಸಿಬಿಡೋಣ ಎಂಬುದು ಕೆಲವರ ಸಲಹೆ. ಇಂಥ ಅಭಿಪ್ರಾಯ ಸಂಗ್ರಹದಲ್ಲಿ ಎರಡೂ ಕಡೆ ಕೂತು ಬಲ್ಲವರು ಯಾರಾದರೂ ಇದ್ದರೆ, ಓದುವ ಅಧಿಕಾರಿ ಪಕ್ಕಕ್ಕಿಡಲಾಗದಂತಹ ಉತ್ತರವನ್ನು ಬರೆಯುವುದು ಹೇಗೆಂದು ದಯವಿಟ್ಟು ತಿಳಿಸಿ.

ಉತ್ತರ 1
ಬರೆದವರು: ಹಳೆಯ ನಕಾಶೆ

ನಾನು ನಗರ ಯೋಜನೆಯ ಕಚೇರಿಯೊಂದರಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ನೀವು ಬರೆದಿರುವಂತಹ ನಮೂನೆಗಳನ್ನು ಸ್ವತಃ ತಯಾರಿಸಿದ ಪಾಪವೂ ನನ್ನ ಪಾಲಿಗಿದೆ, ಆದ್ದರಿಂದ ಒಳಗಿನ ಮಾತನ್ನೇ ಹೇಳುತ್ತೇನೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ಆಸನದ ಬಣ್ಣ ಕೇಳುತ್ತಿದ್ದಾರೆಂದರೆ, ನಕ್ಷೆಯ ದೊಡ್ಡ ಗೆರೆಗಳು ಆಗಲೇ ಎಳೆದು ಮುಗಿದಿವೆ ಎಂದು ಊಹಿಸಬಹುದು. 1998ರಲ್ಲಿ ಡೆನ್ಮಾರ್ಕಿನ ಆರ್ಹಸ್ ನಗರದಲ್ಲಿ ಅಂಗೀಕಾರವಾದ, ಪರಿಸರ ವಿಷಯಗಳಲ್ಲಿ ಜನರ ಭಾಗವಹಿಸುವಿಕೆಯ ಕುರಿತ ಒಪ್ಪಂದವು ಎಲ್ಲ ಆಯ್ಕೆಗಳೂ ತೆರೆದಿರುವ ಹಂತದಲ್ಲಿಯೇ ಜನರನ್ನು ಕೇಳಬೇಕೆಂದು ಹೇಳುತ್ತದೆ. ಆ ಒಪ್ಪಂದ ನಿಮ್ಮ ಊರಿಗೆ ಅನ್ವಯಿಸಲಿ ಬಿಡಲಿ, ಅಳತೆಗೋಲು ಮಾತ್ರ ಎಲ್ಲೆಡೆಯೂ ಸರಿಯಾದದ್ದೇ. ಆದಕಾರಣ ನಿಮ್ಮ ಪತ್ರದ ಮೊದಲ ಪ್ಯಾರಾದಲ್ಲಿಯೇ, ಇದರಲ್ಲಿ ಯಾವುದು ಈಗಾಗಲೇ ತೀರ್ಮಾನವಾಗಿದೆ, ಯಾವುದು ಇನ್ನೂ ಬದಲಾಗಬಲ್ಲದು ಎಂಬುದನ್ನು ಲಿಖಿತವಾಗಿ ತಿಳಿಸುವಂತೆ ಕೇಳಿ. ಇದಕ್ಕೆ ಉತ್ತರ ಬಂದರೆ ನಿಮ್ಮ ಶ್ರಮ ಎಲ್ಲಿ ಸಲ್ಲಬೇಕೆಂಬುದು ಗೊತ್ತಾಗುತ್ತದೆ, ಬಾರದಿದ್ದರೆ ಆ ಮೌನವೂ ಕಡತದಲ್ಲಿ ಉಳಿಯುತ್ತದೆ.

ಅಮೆರಿಕದ ಶೆರಿ ಆರ್ನ್‌ಸ್ಟೈನ್ ಅವರು 1969ರಲ್ಲಿ ನಾಗರಿಕರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದ್ದರು. ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು, ಈ ಮೂರೂ ಅವರ ಲೆಕ್ಕದಲ್ಲಿ ತೋರಿಕೆಯ ಮೆಟ್ಟಿಲುಗಳು. ಅಧಿಕಾರ ಹಂಚಿಕೊಳ್ಳುವುದು ಶುರುವಾಗುವುದು ಅವುಗಳ ಮೇಲಿನ ಪಾಲುದಾರಿಕೆಯಿಂದ. ಗುರುತು ಹಾಕುವ ನಮೂನೆಯೊಂದರಿಂದ ಯಾರೂ ಆ ಎತ್ತರಕ್ಕೆ ಏರಿದ್ದನ್ನು ನಾನು ಕಂಡಿಲ್ಲ. ಆದರೆ ತೋರಿಕೆಯ ಮೆಟ್ಟಿಲಿನ ಮೇಲೆ ನಿಂತೂ ಗಟ್ಟಿಯಾದ ಮಾತು ಆಡಬಹುದು ಎಂಬುದು ನನ್ನ ಅನುಭವ.

ಸಹಿಗಳ ವಿಚಾರ: ಒಂದೇ ಒಕ್ಕಣೆಯ ಮುನ್ನೂರು ಪತ್ರಗಳು ಬಂದರೆ ಕಚೇರಿಯಲ್ಲಿ ಅವನ್ನು ಒಂದು ಕಟ್ಟು ಮಾಡಿ, ಮೇಲೊಂದು ಚೀಟಿ ಅಂಟಿಸಿ, ‘ಒಂದೇ ವಿಷಯ, 300’ ಎಂದು ಬರೆದು ಮುಗಿಸುತ್ತಾರೆ. ಅದೇ ನಕ್ಷೆಯ ಇಂಥ ಹಾಳೆಯಲ್ಲಿ ಇಂಥ ಜಾಗದಲ್ಲಿ ಈ ತೊಂದರೆಯಿದೆ ಎಂದು ಅಳತೆಯೊಂದಿಗೆ ಬರೆದ ಒಂದೇ ಪತ್ರಕ್ಕೆ ಯಾರಾದರೂ ಒಬ್ಬರು ಕೂತು ಉತ್ತರ ಬರೆಯಲೇಬೇಕಾಗುತ್ತದೆ. ಸಹಿ ಬೇಡವೆಂದಲ್ಲ, ಅದು ಪತ್ರದ ಬಾಲವಾಗಿರಲಿ.

ಇನ್ನು ಮುಖ್ಯವಾದ ಮಾತು. ಏನು ಬೇಕು ಎಂದು ಜನರನ್ನು ಕೇಳುವ ಮೊದಲು ಈಗ ಅಲ್ಲಿ ಏನು ನಡೆಯುತ್ತಿದೆ ಎಂದು ಎಣಿಸಿ. ಬಾಯಿದ್ದವನು ಬದುಕಿದ ಎಂಬಂತೆ, ಸಭೆಗೆ ಬಂದು ಮಾತನಾಡುವವರು ಸಂಘಟಿತ ಕ್ಲಬ್ಬುಗಳವರು. ದಿನಾ ಬಂದು ಸುಮ್ಮನೆ ಹೋಗುವವರ ಪರವಾಗಿ ಎಣಿಕೆಯೊಂದೇ ಮಾತನಾಡಬಲ್ಲದು. ಉದ್ಯಾನ ಮತ್ತು ಆಟದ ಬಯಲುಗಳ ಬಳಕೆಯನ್ನು ಅಳೆಯಲು ಸಂಶೋಧಕರು ಬಳಸುವ ‘ಸೋಪಾರ್ಕ್’ ಎಂಬ ಪದ್ಧತಿಯೊಂದಿದೆ. ಅದಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ. ಜಾಗವನ್ನು ಹಲವು ವಿಭಾಗಗಳಾಗಿ ಗುರುತಿಸಿಕೊಂಡು, ದಿನದ ಬೇರೆಬೇರೆ ಹೊತ್ತಿನಲ್ಲಿ ಪ್ರತಿಯೊಂದರ ಮುಂದೆ ನಿಂತು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಮ್ಮೆ ಕಣ್ಣು ಹಾಯಿಸಿ, ಕಂಡ ಪ್ರತಿಯೊಬ್ಬರನ್ನೂ ಹೆಣ್ಣೋ ಗಂಡೋ, ಮಗುವೋ ಹದಿಹರೆಯದವರೋ ವಯಸ್ಕರೋ ಹಿರಿಯರೋ, ಕೂತಿದ್ದಾರೋ ನಡೆಯುತ್ತಿದ್ದಾರೋ ಬೆವರು ಹರಿಸುತ್ತಿದ್ದಾರೋ ಎಂದು ಗುರುತು ಹಾಕಿಕೊಳ್ಳುವುದು, ಅಷ್ಟೇ. ಒಂದು ವಾರದ ಕೆಲಸ. ಸಂಘದ ಹತ್ತು ಜನ ಸರದಿ ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ. ಯಾರ ಹೆಸರನ್ನೂ ಬರೆದುಕೊಳ್ಳಬೇಡಿ, ಚಿತ್ರವನ್ನೂ ತೆಗೆಯಬೇಡಿ.

ಕಾರು ನಿಲುಗಡೆಯ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ, ನಿಮ್ಮ ಸಭೆಯಲ್ಲಿ ಉಪಯೋಗಕ್ಕೆ ಬರಬಹುದು. ಓಡಾಡುವ ದಾರಿಯನ್ನೂ ಸೇರಿಸಿದರೆ ಒಂದು ಕಾರಿಗೆ ಸರಿಸುಮಾರು 25ರಿಂದ 30 ಚದರ ಮೀಟರ್ ಬೇಕು, ಅಂದರೆ ನೂರು ಕಾರಿಗೆ 2,500ರಿಂದ 3,000. ಸುತ್ತಲಿನ ಖಾಲಿ ಜಾಗವೂ ಸೇರಿದ ಒಂದು ಟೆನಿಸ್ ಅಂಕಣ 36.57 ಮೀಟರ್ ಉದ್ದ, 18.29 ಮೀಟರ್ ಅಗಲ, ಎಂದರೆ ಸುಮಾರು 670 ಚದರ ಮೀಟರ್. ನೂರು ಕಾರುಗಳು ಸುಮಾರು ನಾಲ್ಕು ಟೆನಿಸ್ ಅಂಕಣಗಳಷ್ಟು ಜಾಗವನ್ನು ನುಂಗುತ್ತವೆ. ಆ ಜಾಗಕ್ಕೆ ಕಾಂಕ್ರೀಟು ಹಾಸಿದರೆ, 10 ಮಿಲಿಮೀಟರ್ ಮಳೆಯೊಂದಕ್ಕೇ 25ರಿಂದ 30 ಸಾವಿರ ಲೀಟರ್ ನೀರು ಇಂಗುವ ಬದಲು ಚರಂಡಿಯತ್ತ ಹರಿಯುತ್ತದೆ. ಪಿಕಲ್‌ಬಾಲ್ ಜಗಳಕ್ಕೂ ಇದೇ ಲೆಕ್ಕ ದಾರಿ ತೋರಿಸುತ್ತದೆ. ಆ ಅಂಕಣದ ಅಳತೆ ಬ್ಯಾಡ್ಮಿಂಟನ್ನಿನ ಡಬಲ್ಸ್ ಅಂಕಣದ್ದೇ, ಸುಮಾರು 13.4 ಮೀಟರಿಗೆ 6.1. ಜಾಗಕ್ಕಾಗಿ ಜಗಳವಾಡುವ ಅಗತ್ಯ ಅಷ್ಟಿಲ್ಲ, ಗಟ್ಟಿ ಬ್ಯಾಟಿನ ಟಕಟಕ ಸದ್ದು ಯಾರ ಕಿಟಕಿಯ ಕೆಳಗೆ ಕೇಳುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಉತ್ತರ 2
ಬರೆದವರು: ಮೂರನೇ ಲೇನ್

ನಾನು ಓಟದ ತರಬೇತುದಾರಳು. ಹಿಂದಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆಯೊಂದಿಗೆ. ಬಂದವರನ್ನು ಮಾತ್ರ ಎಣಿಸಿದರೆ ಬಾರದವರು ಲೆಕ್ಕದಿಂದ ಮತ್ತೊಮ್ಮೆ ಹೊರಗುಳಿಯುತ್ತಾರೆ.

ವಿಯೆನ್ನಾದಲ್ಲಿ 1990ರ ದಶಕದ ಮಧ್ಯದಲ್ಲಿ ನಡೆದ ಅಧ್ಯಯನವೊಂದು, 9 ವರ್ಷ ದಾಟಿದ ಮೇಲೆ ಉದ್ಯಾನಗಳಿಗೆ ಬರುವ ಹೆಣ್ಣುಮಕ್ಕಳ ಸಂಖ್ಯೆ ತೀವ್ರವಾಗಿ ಇಳಿಯುತ್ತದೆ, ಹುಡುಗರ ಸಂಖ್ಯೆ ಹಾಗೆ ಇಳಿಯುವುದಿಲ್ಲ ಎಂಬುದನ್ನು ಕಂಡುಕೊಂಡಿತು. ಒಂದೇ ದೊಡ್ಡ ಬಯಲಿದ್ದಲ್ಲಿ ಅದು ಹುಡುಗರ ವಶವಾಗುತ್ತದೆ, ಹುಡುಗಿಯರು ಜಾಗಕ್ಕಾಗಿ ಸ್ಪರ್ಧಿಸುವುದಕ್ಕಿಂತ ಹೊರಟುಹೋಗುತ್ತಾರೆ. ನಗರಾಡಳಿತವು 1999ರಲ್ಲಿ ಎರಡು ಉದ್ಯಾನಗಳನ್ನು ಮರುವಿನ್ಯಾಸಕ್ಕೆ ಎತ್ತಿಕೊಂಡು, ಬಯಲನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಒಡೆದು, ನಡೆಯಲು ಹೆಚ್ಚು ದಾರಿಗಳನ್ನು ಮಾಡಿ, ವಾಲಿಬಾಲ್ ಬ್ಯಾಡ್ಮಿಂಟನ್ನುಗಳಿಗೂ ಜಾಗ ಕೊಟ್ಟಿತು. ಹುಡುಗಿಯರು ಹಿಂದಿರುಗಿದರು, ಹುಡುಗರನ್ನು ಯಾರೂ ಓಡಿಸಬೇಕಾಗಲಿಲ್ಲ. ನಿಮ್ಮ ಕರಡಿನಲ್ಲಿ ಇರುವ ಬಯಲೆಲ್ಲ ಒಂದೇ ಕೃತಕ ಹುಲ್ಲುಹಾಸಿನ ಮೈದಾನವಾಗುವುದಾದರೆ, ಅದನ್ನು ಬೇಲಿ ಹಾಕಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆಯೇ, ಯಾವ ಹೊತ್ತು ಯಾರಿಗೆ ಮೀಸಲು ಎಂಬ ವೇಳಾಪಟ್ಟಿಯನ್ನು ಯಾರು ನಿರ್ಧರಿಸುತ್ತಾರೆ ಎಂದು ಕೇಳಿ. ಕಟ್ಟಡಕ್ಕಿಂತ ವೇಳಾಪಟ್ಟಿಯೇ ಹೆಚ್ಚು ಜನರನ್ನು ಹೊರಗಿಡುವುದನ್ನು ನಾನು ನೋಡಿದ್ದೇನೆ.

ಕಟ್ಟಡಕ್ಕೂ ಮುಂಚೆ ಬರುವುದು ಶೌಚಾಲಯ. ನಾನು ಹಿಂದೆ ತರಬೇತಿ ಕೊಡುತ್ತಿದ್ದ ಮೈದಾನವೊಂದರಲ್ಲಿ ಮಹಿಳೆಯರ ಶೌಚಾಲಯಕ್ಕೆ ಸದಾ ಬೀಗ. ಕೀಲಿಕೈ ಕಾವಲುಗಾರನ ಕೋಣೆಯೊಳಗೆ, ಗೋಡೆಯ ಮೊಳೆಗೆ ನೇತುಹಾಕಿರುತ್ತಿತ್ತು. ಕೇಳಿದರೆ ಕೊಡುತ್ತಿದ್ದರು, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಕೋಣೆಯಲ್ಲಿ ಯಾವಾಗಲೂ ನಾಲ್ಕೈದು ಗಂಡಸರು ಕೂತು ಹರಟುತ್ತಿದ್ದರು. ಹದಿಮೂರು ವರ್ಷದ ಹುಡುಗಿ ಅವರೆಲ್ಲರ ಎದುರು ಹೋಗಿ ಕೀಲಿ ಕೇಳುವ ಬದಲು ಬೆಳಗಿನಿಂದ ನೀರು ಕುಡಿಯದೆ ಓಡುತ್ತಿದ್ದಳು. ದಾಖಲೆಯಲ್ಲಿ ಮಾತ್ರ ಅಲ್ಲಿ ‘ಮಹಿಳಾ ಶೌಚಾಲಯ: ಇದೆ’ ಎಂದೇ ಇತ್ತು. ಆದ್ದರಿಂದ ನಿಮ್ಮ ಪತ್ರದಲ್ಲಿ ಶೌಚಾಲಯ ಬೇಕು ಎಂದಷ್ಟೇ ಬರೆಯದೆ, ಬಾಗಿಲು ಯಾವ ಕಡೆಗಿರಬೇಕು, ದೀಪ ಎಲ್ಲಿರಬೇಕು, ಬೀಗ ಎಷ್ಟು ಹೊತ್ತಿಗೆ ತೆಗೆಯಬೇಕು ಎಂಬುದನ್ನೂ ಬರೆಯಿರಿ.

ಓಟದ ಪಥದ ಬಗ್ಗೆ ಇನ್ನೊಂದು ವಿಷಯ. 8 ಲೇನುಗಳ 400 ಮೀಟರ್ ಪಥಕ್ಕೆ ಸುಮಾರು 177 ಮೀಟರ್ ಉದ್ದ, 92.5 ಮೀಟರ್ ಅಗಲದ ಜಾಗ ಬೇಕು. ನಾಲ್ಕು ಎಕರೆಯಷ್ಟಾಯಿತು. ಗ್ಯಾಲರಿಯನ್ನು ಮುಂದಕ್ಕೆ ತಂದೋ ನಿಲುಗಡೆಗೆ ಜಾಗ ಬಿಟ್ಟೋ ಇದನ್ನು ಸ್ವಲ್ಪ ಒತ್ತರಿಸಿದರೂ ಪಥವು 400 ಮೀಟರಿನದಾಗಿ ಉಳಿಯುವುದಿಲ್ಲ, ಆಮೇಲೆ ಅಲ್ಲಿ ಓಡಿದ ಮಕ್ಕಳ ಸಮಯವನ್ನು ಯಾರೂ ದಾಖಲೆಗೆ ತೆಗೆದುಕೊಳ್ಳುವುದಿಲ್ಲ. ನಕ್ಷೆಯಲ್ಲಿ ಆ ಎರಡು ಅಳತೆಗಳನ್ನು ದಯವಿಟ್ಟು ಸ್ಕೇಲು ಹಿಡಿದು ನೋಡಿ.

ಉತ್ತರ 3
ಬರೆದವರು: ಪಂಪ್ ಮನೆ

ಈಜುಕೊಳದ ನಿರ್ವಹಣೆ ನನ್ನ ವೃತ್ತಿ, ಆದ್ದರಿಂದ ಅಷ್ಟಕ್ಕೇ ಸೀಮಿತವಾಗಿ ಬರೆಯುತ್ತೇನೆ. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳವೆಂದರೆ 25 ಲಕ್ಷ ಲೀಟರ್ ನೀರು. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳಕ್ಕೆ 5 ಲಕ್ಷಕ್ಕೂ ಕಡಿಮೆ ಸಾಕು. ಮೊದಲನೆಯದು ಎರಡನೆಯದರ ಐದು ಪಟ್ಟಿಗೂ ಹೆಚ್ಚು. ಅಷ್ಟೂ ನೀರನ್ನು ಈಜುವವರು ಇರಲಿ ಇಲ್ಲದಿರಲಿ ಪಂಪು ತಿರುಗಿಸಿ ಶೋಧಕಗಳ ಮೂಲಕ ಹಾಯಿಸುತ್ತಲೇ ಇರಬೇಕು, ಕ್ಲೋರಿನ್ ಪ್ರಮಾಣವನ್ನು ದಿನಕ್ಕೆ ಹಲವು ಬಾರಿ ನೋಡುತ್ತಲೇ ಇರಬೇಕು, ಜೀವರಕ್ಷಕರ ಸಂಬಳವಂತೂ ಇದ್ದೇ ಇದೆ. ಈಜು ಕಲಿಯುವ ಮಕ್ಕಳಿಗೂ ಮಂಡಿನೋವಿನ ಹಿರಿಯರಿಗೂ ಬೇಕಾದದ್ದು ಕಾಲಿಗೆ ನೆಲ ಸಿಗುವ ಆಳ, 2 ಮೀಟರಿನದಲ್ಲ.

ನಿಮ್ಮ ಹಳೆಯ ಕೊಳ ಸೋರಿಕೆಯಿಂದ ಮುಚ್ಚಿದೆ ಎಂದಿದ್ದೀರಿ. ಸೋರಿಕೆ ಎಲ್ಲಿಂದ ಎಂದು ಯಾರಾದರೂ ಪತ್ತೆ ಮಾಡಿದ್ದಾರೆಯೇ? ಕೊಳದ ಗೋಡೆ ಒಡೆದಿದ್ದರೆ ಅದು ದೊಡ್ಡ ಕೆಲಸ. ಕೊಳವೆಯ ಕೀಲಿನಲ್ಲಿಯೋ ನೀರಿನ ಮೇಲಿನ ಕಸ ಸೆಳೆಯುವ ಅಂಚಿನ ಸ್ಕಿಮ್ಮರಿನ ಬಳಿಯೋ ಆಗಿದ್ದರೆ ದುರಸ್ತಿಯಾಗುವಂಥದ್ದು. ಪಂಪು ನಿಲ್ಲಿಸಿಟ್ಟಾಗ ನೀರಿನ ಮಟ್ಟ ಯಾವ ಎತ್ತರದಲ್ಲಿ ಇಳಿಯುವುದನ್ನು ನಿಲ್ಲಿಸುತ್ತದೆಯೋ, ಸೋರುವ ಜಾಗ ಬಹುಮಟ್ಟಿಗೆ ಆ ಎತ್ತರದಲ್ಲಿಯೇ ಇರುತ್ತದೆ. ಖಾಲಿ ಕೊಳದ ಗೋಡೆಯ ಮೇಲೆ ಆ ನೀರಿನ ಗೆರೆ ಇನ್ನೂ ಕಾಣಿಸೀತು, ಹೋಗಿ ನೋಡಿ.

ಕೃತಕ ಹುಲ್ಲುಹಾಸಿನದೂ ಇದೇ ಕಥೆ. ಅದರ ಆಯುಷ್ಯ ಸಾಮಾನ್ಯವಾಗಿ 8ರಿಂದ 10 ವರ್ಷ. ಬಿಸಿಲಲ್ಲಿ ಅದು ಸಹಜ ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತದೆ. ಅದರೊಳಗೆ ತುಂಬುವ ರಬ್ಬರ್ ಕಾಳುಗಳು ಸೂಕ್ಷ್ಮ ಪ್ಲಾಸ್ಟಿಕ್ ಆಗಿ ಮಣ್ಣು ನೀರು ಸೇರುತ್ತವೆಂಬ ಕಾರಣಕ್ಕೆ ಯುರೋಪಿನ ಒಕ್ಕೂಟವು 2023ರಲ್ಲಿ, 8 ವರ್ಷಗಳ ಕಾಲಾವಕಾಶ ಕೊಟ್ಟು, ಅವುಗಳ ಮಾರಾಟವನ್ನು ನಿಷೇಧಿಸಿದೆ. ಕಟ್ಟುವ ವೆಚ್ಚ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ನೀವು ಹತ್ತನೇ ವರ್ಷದ ವೆಚ್ಚ ಎಷ್ಟು, ಅದು ಯಾವ ಲೆಕ್ಕದ ಶೀರ್ಷಿಕೆಯಿಂದ ಬರುತ್ತದೆ ಎಂದು ಕೇಳಿ.

ಉತ್ತರ 4
ಬರೆದವರು: ಕೆಲಸ ಆಗಲಿ ಮೊದಲು

ಮೇಲಿನ ಮೂವರಿಗೂ ಗೌರವದಿಂದಲೇ ಭಿನ್ನಾಭಿಪ್ರಾಯ ತಿಳಿಸುತ್ತಿದ್ದೇನೆ. ಎಣಿಕೆ, ಸಭೆ, ಮರುಸಭೆ, ಪರಿಷ್ಕೃತ ಕರಡು ಎನ್ನುತ್ತ ಹೋದರೆ ಈಗ ಹತ್ತು ವರ್ಷದ ಮಗು ಮತದಾನದ ವಯಸ್ಸಿಗೆ ಬಂದರೂ ಈಜುಕೊಳದ ಬಾಗಿಲು ತೆರೆಯುವುದಿಲ್ಲ. ಇದಕ್ಕಿಂತಲೂ ನನಗೆ ಹೆಚ್ಚು ಕಾಡುವ ವಿಷಯವೆಂದರೆ, ‘ಸ್ಥಳೀಯರ ಅಭಿಪ್ರಾಯ’ ಎಂಬ ಹೆಸರಿನಲ್ಲಿ ಬೇಲಿಗೆ ತಾಗಿ ಮನೆಯಿರುವವರು ಇಡೀ ನಗರದ ಆಸ್ತಿಯನ್ನು ತಮ್ಮ ಹಿತ್ತಲೆಂದು ಭಾವಿಸುವುದು. ದೀಪ ಬೇಡ, ಸದ್ದು ಬೇಡ, ಹೊರಗಿನವರ ವಾಹನ ಬೇಡ ಎನ್ನುವ ಪತ್ರಗಳು ಯಾವಾಗಲೂ ಹತ್ತಿರದ ಬೀದಿಗಳಿಂದಲೇ ಬರುತ್ತವೆ. ಬಸ್ಸು ಹತ್ತಿ ಬರುವ ಆಟಗಾರ ಪತ್ರ ಬರೆಯುವುದಿಲ್ಲ.

ಬರ್ಲಿನ್ನಿನ ಟೆಂಪಲ್‌ಹೋಫ್ ವಿಮಾನ ನಿಲ್ದಾಣ 2008ರಲ್ಲಿ ಮುಚ್ಚಿತು, 2010ರಲ್ಲಿ ಆ ಬಯಲು ಜನರ ವಿಹಾರಕ್ಕೆ ತೆರೆಯಿತು. ಅಂಚಿನಲ್ಲಿ ಮನೆಗಳನ್ನೂ ಗ್ರಂಥಾಲಯವನ್ನೂ ಕಟ್ಟುವ ಯೋಜನೆಯನ್ನು 2014ರ ಜನಮತದಲ್ಲಿ ಸುಮಾರು 64 ಶೇಕಡಾ ಮತದಾರರು ತಿರಸ್ಕರಿಸಿದರು. ಮನೆಗಳ ಅಭಾವವಿರುವ ಆ ನಗರದಲ್ಲಿ ಆ ಚರ್ಚೆ ಅಷ್ಟಕ್ಕೇ ಮುಗಿಯಲಿಲ್ಲ. ಜನರನ್ನು ಕೇಳಿದರೆ ಜಗಳ ತೀರುತ್ತದೆ ಎಂಬ ನಂಬಿಕೆ ನನಗಿಲ್ಲ.

ಉತ್ತರ 5
ಬರೆದವರು: ಹಳೆಯ ನಕಾಶೆ

ಬೇಲಿಯ ಪಕ್ಕದವರ ವಿಷಯದಲ್ಲಿ ನಿಮ್ಮ ಮಾತು ಸರಿ, ಅದನ್ನು ನಾನೇ ಹೇಳಬೇಕಿತ್ತು. ಪ್ರಶ್ನೆ ಕೇಳಿದವರು ತಮ್ಮ ಪತ್ರದಲ್ಲಿ ಬಸ್ಸಿನಲ್ಲಿ ಬರುವವರ ಮಾತನ್ನೂ ಸೇರಿಸಬೇಕು, ಅದಕ್ಕಾಗಿ ಒಂದು ಸಂಜೆ ಬಸ್ ನಿಲ್ದಾಣದಲ್ಲಿ ನಿಂತು ಮಾತನಾಡಿಸಬೇಕು. ಬರ್ಲಿನ್ನಿನ ಉದಾಹರಣೆಯನ್ನು ಮಾತ್ರ ನಾನು ಬೇರೆ ರೀತಿ ಓದುತ್ತೇನೆ. ಜನ ಆ ಬಯಲಿನಲ್ಲಿ ನಾಲ್ಕು ವರ್ಷ ನಡೆದು, ಸೈಕಲ್ ತುಳಿದು, ಗಾಳಿಪಟ ಹಾರಿಸಿ, ಅದರ ರುಚಿ ಕಂಡ ಮೇಲೆ ಮತ ಹಾಕಿದರು. ಬಳಸಿ ಅರಿತ ಜಾಗದ ಬಗ್ಗೆ ಬರುವ ಅಭಿಪ್ರಾಯಕ್ಕೂ ಬಣ್ಣದ ಚಿತ್ರ ನೋಡಿ ಹಾಕಿದ ಗುರುತಿಗೂ ಬಹಳ ಅಂತರವಿದೆ. ತಡವಾಗುತ್ತದೆ ಎಂಬ ಆತಂಕಕ್ಕೆ ಹೇಳುವುದಾದರೆ, ಕೆಲಸವನ್ನು ಹಂತಗಳಾಗಿ ಒಡೆಯಲು ಕೇಳಬಹುದು. ಹಳೆಯ ಕೊಳದ ದುರಸ್ತಿ, ಶೌಚಾಲಯ, ದೀಪ ಇವಕ್ಕೆ ಯಾರ ತಕರಾರೂ ಇರುವುದಿಲ್ಲ, ಅವು ಈ ವರ್ಷವೇ ಆಗಲಿ.

ಪ್ರಶ್ನೆ ಕೇಳಿದವರ ಮರುಬರಹ
ಬರೆದವರು: ಪೂರ್ವದ ಗೇಟು

ಎಲ್ಲರಿಗೂ ಕೃತಜ್ಞತೆಗಳು. ಮೈದಾನವನ್ನು ಒಂಬತ್ತು ವಿಭಾಗ ಮಾಡಿಕೊಂಡು, ಒಂದು ವಾರ, ದಿನಕ್ಕೆ ನಾಲ್ಕು ಬಾರಿ ಎಣಿಸಿದೆವು. ನಡಿಗೆಯ ದಾರಿಯಲ್ಲಿ ಬೆಳಿಗ್ಗೆ ಸಂಜೆ ಜನ ತುಂಬಿರುತ್ತಾರೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದದ್ದು ಗ್ಯಾಲರಿಯ ವಿಷಯ. ಬಿರುಕು ಬಿಟ್ಟಿದೆ, ಕೆಡವಿದರೆ ನಿಲುಗಡೆಗೆ ಜಾಗವಾಗುತ್ತದೆ ಎಂದು ನಾವೂ ಒಪ್ಪಿಕೊಂಡಿದ್ದ ಆ ಮೆಟ್ಟಿಲುಗಳು ಮಧ್ಯಾಹ್ನದ ಎಣಿಕೆಯಲ್ಲಿ ಇಡೀ ಆವರಣದಲ್ಲಿ ಅತಿ ಹೆಚ್ಚು ಜನರಿದ್ದ ಜಾಗ. ಮರದ ನೆರಳು ಮೇಲಿನ ನಾಲ್ಕು ಸಾಲುಗಳ ಮೇಲೆ ಬೀಳುತ್ತದೆ. ಅಲ್ಲಿ ಪುಸ್ತಕ ಹಿಡಿದ ಕಾಲೇಜು ಹುಡುಗಿಯರು, ಕೆಲಸದ ನಡುವೆ ಒರಗಿಕೊಂಡ ಕೂಲಿಕಾರರು, ಮೊಮ್ಮಕ್ಕಳ ಶಾಲೆ ಬಿಡುವುದನ್ನು ಕಾಯುವ ಅಜ್ಜಿಯರು ಕೂತಿರುತ್ತಾರೆ. ಅವರಲ್ಲಿ ಯಾರೂ ನಮ್ಮ ಸಭೆಗೆ ಬಂದಿರಲಿಲ್ಲ, ನಮೂನೆಯ 14 ಪ್ರಶ್ನೆಗಳಲ್ಲಿ ಅವರಿಗೆ ಸಂಬಂಧಿಸಿದ್ದು ಒಂದೂ ಇರಲಿಲ್ಲ. ಗ್ಯಾಲರಿಯನ್ನು ದುರಸ್ತಿ ಮಾಡಿ ಉಳಿಸಲಾಗದೇ ಎಂಬುದನ್ನು ರಚನಾ ಎಂಜಿನಿಯರ್ ಒಬ್ಬರಿಂದ ಪರೀಕ್ಷಿಸಬೇಕೆಂಬುದು ಈಗ ನಮ್ಮ ಪತ್ರದ ಮೊದಲ ಬೇಡಿಕೆ.

ಈಜುಕೊಳದ ಗೋಡೆಯ ಮೇಲೆ ನೀರಿನ ಗೆರೆ ನಿಜವಾಗಿಯೂ ಇದೆ, ಅಂಚಿನಿಂದ ಒಂದು ಮೊಳದಷ್ಟು ಕೆಳಗೆ. ಅದರ ಚಿತ್ರವನ್ನು ಪತ್ರಕ್ಕೆ ಲಗತ್ತಿಸುತ್ತಿದ್ದೇವೆ. ಹತ್ತನೇ ವರ್ಷದ ವೆಚ್ಚ, ವೇಳಾಪಟ್ಟಿ, ಶೌಚಾಲಯದ ಬಾಗಿಲಿನ ದಿಕ್ಕು ಇವಕ್ಕೆ ಒಂದೊಂದು ಪ್ಯಾರಾ ಕೊಟ್ಟಿದ್ದೇನೆ. ಬಸ್ ನಿಲ್ದಾಣದಲ್ಲಿ ಎರಡು ಸಂಜೆ ನಿಂತೆವು. ಅಲ್ಲಿ ಸಿಕ್ಕವರ ಮೊದಲ ಬೇಡಿಕೆ ಪಶ್ಚಿಮದ ಗೇಟನ್ನು ತೆರೆದಿಡಬೇಕೆಂಬುದು, ಏಕೆಂದರೆ ಅದಕ್ಕೆ ಬೀಗ ಹಾಕಿರುವುದರಿಂದ ಅವರು ಇಡೀ ಗೋಡೆಯನ್ನು ಸುತ್ತಿ ಬರಬೇಕಾಗಿದೆ. ಸಭೆಯಲ್ಲಿ ಅದನ್ನು ಹೇಳಿದಾಗ ಆ ಬದಿಯ ಮನೆಗಳವರು ಮುಖ ಗಂಟಿಕ್ಕಿಕೊಂಡರು, ಆದರೂ ಬೇಡಿಕೆಯನ್ನು ಸೇರಿಸಿದ್ದೇವೆ.

‘ಹಳೆಯ ನಕಾಶೆ’ಯವರಿಗೆ ಇನ್ನೊಂದು ವಿಷಯ ತಿಳಿಸಬೇಕು. ನಕ್ಷೆಯಲ್ಲಿ ಪೂರ್ವದ ಗೇಟಿನ ಬಳಿ ಗಾಲಿಕುರ್ಚಿಯವರಿಗಾಗಿ ಇಳಿಜಾರು ತೋರಿಸಿದ್ದಾರೆ. ಅಲ್ಲಿ ತಲಾ 15 ಸೆಂಟಿಮೀಟರಿನ ನಾಲ್ಕು ಮೆಟ್ಟಿಲುಗಳಿವೆ. ಏರಬೇಕಾದ ಎತ್ತರ 60 ಸೆಂಟಿಮೀಟರ್, ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ ಇಳಿಜಾರಿನ ಉದ್ದ 7.2 ಮೀಟರ್ ಆಗಬೇಕು. ನಕ್ಷೆಯಲ್ಲಿರುವುದು 3 ಮೀಟರ್. ಟೇಪು ಹಿಡಿದು ಎರಡು ಸಲ ಅಳೆದು ನೋಡಿದೆವು, 7.2 ಮೀಟರಿಗೆ ಬೇಕಾದ ಜಾಗವನ್ನು ನಕ್ಷೆಯಲ್ಲಿ ಮೊದಲ ಮೂರು ಕಾರುಗಳಿಗೆ ಕೊಟ್ಟಿದ್ದಾರೆ.